ಅಗ್ಗದ ಪುಟ್ಟ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹೊಂದುತ್ತದೆಯೇ?

ಪ್ರಶ್ನೆ: ಮಗಳ ಆನ್‌ಲೈನ್ ಕ್ಲಾಸಿಗೆಂದು ಕೆಲವು ವರ್ಷಗಳ ಹಿಂದೆ 11 ಇಂಚಿನ ಅಗ್ಗದ ಲ್ಯಾಪ್‌ಟಾಪ್ ಕೊಂಡೆವು. ಸೆಲೆರಾನ್ ಪ್ರೊಸೆಸರ್, 4 ಜಿಬಿ ರ್‍ಯಾಮ್, 32 ಜಿಬಿ ಸ್ಟೋರೇಜ್, ವಿಂಡೋಸ್ 10. ಈಗ ಡಿಸ್ಕ್ ಸದಾ ಭರ್ತಿ, ಅಪ್‌ಡೇಟ್ ಆಗುವುದಿಲ್ಲ, ಎಲ್ಲವೂ ನಿಧಾನ. ಮಗಳು ಬಿ.ಕಾಂ. ಓದುತ್ತಿದ್ದಾಳೆ. ನಾನು ನುಡಿಯಲ್ಲಿ ಲೇಖನ ಟೈಪ್ ಮಾಡುತ್ತೇನೆ. ಲಿನಕ್ಸ್ ಹಾಕಿದರೆ ಸರಿಹೋಗುತ್ತಾ?
– ಓದುಗರೊಬ್ಬರು, ತುಮಕೂರು

ಉತ್ತರ: ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆ. ನಿಮ್ಮ ಯಂತ್ರಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ. ನಿಮ್ಮ ಕೆಲಸಕ್ಕೆ ಹೊಂದುತ್ತದೆಯೇ ಅನ್ನುವುದನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಸ್ಟೋರೇಜ್ ಬೇಕು. ನಿಮ್ಮಲ್ಲಿ ಇರುವುದು ಅದರ ಅರ್ಧ. ಈ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ಅಂದರೆ ಸಾಮಾನ್ಯವಾಗಿ ಬೋರ್ಡಿಗೇ ಬೆಸುಗೆ ಹಾಕಿದ ಇಎಂಎಂಸಿ ಚಿಪ್, ಬಿಚ್ಚಿ ದೊಡ್ಡದು ಹಾಕಲು ಆಗುವುದಿಲ್ಲ. ಹಾಗೆಂದು ಸರಿಯಾಗಿರುವ ಯಂತ್ರವನ್ನು ಗುಜರಿಗೆ ಹಾಕುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ.

ಲಿನಕ್ಸ್‌ನಲ್ಲಿ ಹಲವು ಬಗೆಗಳಿವೆ. ಅವುಗಳಲ್ಲಿ ಒಂದಾದ ಲಿನಕ್ಸ್ ಮಿಂಟ್‌ಗೆ ಕನಿಷ್ಠ 2 ಜಿಬಿ ರ್‍ಯಾಮ್, 20 ಜಿಬಿ ಜಾಗ ಸಾಕು. ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನೇ ತೆಗೆದುಕೊಳ್ಳಿ. ವಿಂಡೋಸ್ ಬಳಸಿದವರಿಗೆ ಅದು ಹೊಸದು ಅನ್ನಿಸುವುದಿಲ್ಲ. ಇನ್ನೂ ಹಗುರ ಬೇಕೆಂದರೆ ಲುಬುಂಟು ಎಂಬ ಇನ್ನೊಂದು ಬಗೆ ಇದೆ. ಆದರೆ ಒಂದು ಮಾತು. ರ್‍ಯಾಮ್ ಜಾಸ್ತಿ ತಿನ್ನುವುದು ಬ್ರೌಸರ್. ಹತ್ತು ಹದಿನೈದು ಟ್ಯಾಬ್ ತೆರೆದಿಟ್ಟರೆ 4 ಜಿಬಿ ಯಾವ ಲಿನಕ್ಸ್‌ನಲ್ಲೂ ಸಾಲುವುದಿಲ್ಲ. ಝಡ್‌ರ್‍ಯಾಮ್ ಸೌಲಭ್ಯ ಚಾಲೂ ಮಾಡಿಕೊಂಡರೆ ಮೆಮೊರಿಯಲ್ಲಿರುವುದನ್ನು ಕುಗ್ಗಿಸಿ ಇಡುತ್ತದೆ, ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ.

ಈಗ ನಿಮ್ಮ ನುಡಿಯ ವಿಷಯ. ಕನ್ನಡಿಗರು ಹೆಚ್ಚಾಗಿ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನುಡಿ ತಂತ್ರಾಂಶ ವಿಂಡೋಸ್‌ಗಾಗಿ ಮಾಡಿದ್ದು. ಆದರೆ ನುಡಿಯಲ್ಲಿ ಬಳಸುವ ಕಗಪ ಕೀಲಿಮಣೆ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ಇದೆ, ಕನ್ನಡದ ಆಯ್ಕೆಗಳಲ್ಲಿ ಅದನ್ನು ಸೇರಿಸಿಕೊಂಡರೆ ಆಯಿತು. ಭಾಷೆಗಳ ಟೈಪಿಂಗಿಗೆ ಇರುವ ಐಬಸ್ ಎಂಬ ತಂತ್ರಾಂಶದ ಜೊತೆ ಎಂ17ಎನ್ ಎಂಬ ಕೀಲಿಮಣೆಗಳ ಸಂಗ್ರಹ ಹಾಕಿಕೊಂಡರೆ ಅಲ್ಲಿಯೂ ಕಗಪ ಸಿಗುತ್ತದೆ. ನನ್ನ ಸಲಹೆ ಎರಡನೆಯದು. ಕೈಗೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಕೊಡಿ. ನಿಜವಾದ ತೊಡಕು ಹಳೆಯ ಫೈಲ್‌ಗಳದ್ದು. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಲಿನಕ್ಸ್‌ನಲ್ಲಿ ಸಿಗುವ ಆಫೀಸ್ ತಂತ್ರಾಂಶ ಲಿಬ್ರೆ ಆಫೀಸ್‌ನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಗಾಬರಿ ಬೇಡ, ಬರಹ ಎಲ್ಲೂ ಹೋಗಿಲ್ಲ. ಆ ಫಾಂಟ್ ಫೈಲನ್ನು ಲಿನಕ್ಸ್‌ಗೂ ನಕಲು ಮಾಡಿದರೆ ಓದಬಹುದು. ಆದರೂ ವಿಂಡೋಸ್ ಇರುವಾಗಲೇ ಮುಖ್ಯವಾದ ಲೇಖನಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಿ. ಲಿನಕ್ಸ್ ಹಾಕಿದರೂ ಬಿಟ್ಟರೂ ಈ ಕೆಲಸ ಮಾಡಲೇಬೇಕು. ಹಳೆಯ ಫಾಂಟಿನಲ್ಲಿ ಸಿಕ್ಕಿಕೊಂಡ ಕನ್ನಡವನ್ನು ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಮಗಳಿಗೆ ಟ್ಯಾಲಿ ಬೇಕಾಗುತ್ತದೆ ಅಲ್ವಾ? ಟ್ಯಾಲಿ ಪ್ರೈಮ್ ವಿಂಡೋಸ್ ಪ್ರೋಗ್ರಾಂ. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಎಂಬ ತಂತ್ರಾಂಶದ ಮೂಲಕ ಓಡಿಸಲು ನೋಡಬಹುದು, ಆದರೆ ಓದಿಗೆ ಅದನ್ನೇ ನಂಬಿಕೊಳ್ಳಬೇಡಿ. ಕಾಲೇಜಿನ ಲ್ಯಾಬಿನಲ್ಲಿ ಅಭ್ಯಾಸ ಮಾಡಲು ಅವಕಾಶ ಇದೆಯಾ ಕೇಳಿ. ಕ್ಯಾಮೆರಾ ಇಟ್ಟು ನಡೆಸುವ ಕೆಲವು ಆನ್‌ಲೈನ್ ಪರೀಕ್ಷೆಗಳೂ ವಿಂಡೋಸನ್ನೇ ಕೇಳುತ್ತವೆ. ಉಳಿದಂತೆ ಪ್ರಾಜೆಕ್ಟ್ ವರದಿ, ಲೆಕ್ಕದ ಹಾಳೆ, ವಿಡಿಯೊ ಪಾಠ ಎಲ್ಲವೂ ನಡೆಯುತ್ತದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಸುತ್ತಿವೆ. ಆ ಮಕ್ಕಳಿಗೆ ಇದೇನೂ ಕಷ್ಟವಾಗಿಲ್ಲ.

ಪುಟ್ಟ ಲ್ಯಾಪ್‌ಟಾಪ್ ಮತ್ತು ಲಿನಕ್ಸ್‌ನ ಈ ಜೋಡಿ ಹೊಸದೂ ಅಲ್ಲ. 2007ರಲ್ಲಿ ಏಸಸ್ ಕಂಪನಿಯ ಈಇ ಪಿಸಿ ಬಂದಾಗ 7 ಇಂಚಿನ ಪರದೆ, 512 ಎಂಬಿ ರ್‍ಯಾಮ್, 4 ಜಿಬಿ ಸ್ಟೋರೇಜ್ ಇಟ್ಟುಕೊಂಡು ಲಿನಕ್ಸ್ ಮೇಲೆಯೇ ಓಡಿತ್ತು. ಆಮೇಲೆ ಮೈಕ್ರೋಸಾಫ್ಟ್ ಇಂಥ ಯಂತ್ರಗಳಿಗಾಗಿಯೇ ತನ್ನ ಹಳೆಯ ವಿಂಡೋಸ್ ಎಕ್ಸ್‌ಪಿ ಮಾರಾಟವನ್ನು 2010ರವರೆಗೂ ಮುಂದುವರಿಸಿತು. ಕಂಪನಿಗಳು ಅತ್ತ ವಾಲಿದವು.

ಇನ್ನು ಕೆಲಸಕ್ಕೆ ಬನ್ನಿ. 8 ಜಿಬಿಯ ಒಂದು ಪೆನ್‌ಡ್ರೈವ್ ತನ್ನಿ. ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಮಿಂಟ್ ಡೌನ್‌ಲೋಡ್ ಮಾಡಿ, ರೂಫಸ್ ಎಂಬ ಪುಟ್ಟ ವಿಂಡೋಸ್ ತಂತ್ರಾಂಶ ಬಳಸಿ ಪೆನ್‌ಡ್ರೈವ್‌ಗೆ ಬರೆದು, ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿ. ಏನನ್ನೂ ಇನ್‌ಸ್ಟಾಲ್ ಮಾಡದೆ ನೋಡಬಹುದು. ವೈಫೈ ಸಿಗುತ್ತಾ? ಸ್ಪೀಕರಿನಲ್ಲಿ ಸದ್ದು ಬರುತ್ತಾ? ಕ್ಯಾಮೆರಾ, ಟಚ್‌ಪ್ಯಾಡ್? ಮುಚ್ಚಳ ಮುಚ್ಚಿ ತೆರೆದರೆ ಮತ್ತೆ ಏಳುತ್ತಾ? ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಕೈಕೊಡುವುದು ಹೆಚ್ಚಾಗಿ ವೈಫೈ ಮತ್ತು ಸೌಂಡ್ ಚಿಪ್‌ಗಳೇ. ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನ ಇರುತ್ತದೆ, ಅದರಿಂದ ವೇಗವನ್ನು ಅಳೆಯಬೇಡಿ.

ಎಲ್ಲ ಸರಿಯಿದ್ದರೆ ಫೈಲ್‌ಗಳನ್ನು ಬೇರೆ ಕಡೆ ನಕಲು ಮಾಡಿ, ವಿಂಡೋಸ್ ಪೂರ್ತಿ ಅಳಿಸಿ ಹಾಕಿ. 32 ಜಿಬಿಯಲ್ಲಿ ಎರಡನ್ನೂ ಇಟ್ಟುಕೊಳ್ಳುವ ಆಸೆ ಬೇಡ. ವೈಫೈ ಒಂದೇ ಕೈಕೊಟ್ಟರೆ ಲಿನಕ್ಸ್‌ಗೆ ಹೊಂದುವ ಸಣ್ಣ ಯುಎಸ್‌ಬಿ ವೈಫೈ ಅಡಾಪ್ಟರ್ ಹಾಕಿದರೂ ಕೆಲಸ ನಡೆಯುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ಅದು ಲಿನಕ್ಸ್‌ನಲ್ಲಿ ಓಡುತ್ತದೆಯೇ ಎಂದು ಕೇಳಿಯೇ ತನ್ನಿ.