ಇಂದಿನ 1 ಲಕ್ಷಕ್ಕೆ 30 ವರ್ಷಗಳ ನಂತರ ಎಷ್ಟು ಬೆಲೆ?

ಇಂದು 1 ಲಕ್ಷವನ್ನು ಎತ್ತಿಟ್ಟರೆ 30 ವರ್ಷಗಳ ನಂತರ ಅದಕ್ಕೆ ಎಷ್ಟು ಬೆಲೆ ಉಳಿದಿರುತ್ತದೆ, ಹಣದುಬ್ಬರ ಇಳಿದಾಗ ಕಳೆದುಹೋದ ಬೆಲೆ ಮರಳಿ ಬರುತ್ತದೆಯೇ ಎಂದು ಕೇಳಿದ್ದೀರಿ. ತಪ್ಪು ತಿಳಿವಳಿಕೆ ಹೆಚ್ಚಾಗಿರುವುದು ಎರಡನೆಯದರಲ್ಲಿ, ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ: ಮರಳಿ ಬರುವುದಿಲ್ಲ. ಹಣದುಬ್ಬರದ ದರ ಶೇ. 8ರಿಂದ ಶೇ. 3ಕ್ಕೆ ಇಳಿದಾಗ ಬೆಲೆಗಳು ಏರುವ ವೇಗ ಮಾತ್ರ ತಗ್ಗುತ್ತದೆ. ಈಗಾಗಲೇ ಏರಿದ ಬೆಲೆಯ ಮೇಲೆ ಮತ್ತೆ ಶೇ. 3 ಸೇರುತ್ತಲೇ ಹೋಗುತ್ತದೆ.

ಹೀಗೆ ಸೇರುವ ರೀತಿ ಚಕ್ರಬಡ್ಡಿಯದೇ. ಹಣದುಬ್ಬರ ವರ್ಷಕ್ಕೆ ಶೇ. 2 ಇದ್ದರೆ ನಿಮ್ಮ 1 ಲಕ್ಷ 30 ವರ್ಷಗಳ ನಂತರ ಇಂದಿನ 55 ಸಾವಿರದಷ್ಟು, ಶೇ. 4 ಇದ್ದರೆ 31 ಸಾವಿರದಷ್ಟು, ಶೇ. 6 ಇದ್ದರೆ 17 ಸಾವಿರದಷ್ಟು ಮಾತ್ರ ಕೊಳ್ಳಬಲ್ಲದು. ಬೆಲೆಗಳು ಇಮ್ಮಡಿಯಾಗಲು ಎಷ್ಟು ವರ್ಷ ಬೇಕೆಂದು ಅಂದಾಜಿಸಲು 72ನ್ನು ದರದಿಂದ ಭಾಗಿಸಿದರೆ ಸಾಕು, ಶೇ. 6ಕ್ಕೆ 12 ವರ್ಷ.

ಹಣದ ಬೆಲೆ ಕುಸಿಯುವುದೆಂದರೆ 1923ರ ಜರ್ಮನಿಯನ್ನು ನೆನೆಯುವವರೇ ಹೆಚ್ಚು. ಆ ವರ್ಷದ ನವೆಂಬರ್‌ನಲ್ಲಿ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್ ಕೊಡಬೇಕಾಗಿತ್ತು. ಆದರೆ ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದದ್ದು ಅಂಥ ದುರಂತ ನಡೆಯದ ಅಮೆರಿಕದ ಉದಾಹರಣೆ. ಅಲ್ಲಿನ ಗ್ರಾಹಕ ಬೆಲೆ ಸೂಚ್ಯಂಕ (ಜನ ಸಾಮಾನ್ಯವಾಗಿ ಕೊಳ್ಳುವ ವಸ್ತು, ಸೇವೆಗಳ ಸರಾಸರಿ ಬೆಲೆಯ ಅಳತೆ) 1913ರಲ್ಲಿ ಸರಾಸರಿ 9.9 ಇದ್ದದ್ದು 2023ರಲ್ಲಿ ಸುಮಾರು 305 ಆಗಿತ್ತು, ಅಂದರೆ 1913ರಲ್ಲಿ ಒಂದು ಡಾಲರ್ ಕೊಟ್ಟು ಕೊಂಡದ್ದಕ್ಕೆ 2023ರಲ್ಲಿ ಸುಮಾರು 31 ಡಾಲರ್ ಬೇಕಾಗಿತ್ತು. ಅಲ್ಲಿನ ಕೇಂದ್ರ ಬ್ಯಾಂಕ್ 2012ರಲ್ಲಿ ವರ್ಷಕ್ಕೆ ಶೇ. 2 ಹಣದುಬ್ಬರದ ಗುರಿಯನ್ನು ಘೋಷಿಸಿತು. ಆ ಗುರಿಯನ್ನು ಪ್ರತಿವರ್ಷವೂ ತಪ್ಪದೆ ಮುಟ್ಟಿದರೂ 35 ವರ್ಷಗಳಲ್ಲಿ ಹಣದ ಕೊಳ್ಳುವ ಶಕ್ತಿ ಅರ್ಧವಾಗುತ್ತದೆ.

ಬಡ್ಡಿ ಬರುತ್ತದಲ್ಲ ಎಂದು ನೀವು ಕೇಳಬಹುದು. ಠೇವಣಿಗೆ ಶೇ. 7 ಬಡ್ಡಿ, ಹಣದುಬ್ಬರ ಶೇ. 6, ಬಡ್ಡಿಯ ಮೇಲೆ ಶೇ. 20 ತೆರಿಗೆ ಎಂದು ಇಟ್ಟುಕೊಳ್ಳೋಣ. ತೆರಿಗೆ ಕಳೆದು ಕೈಗೆ ಸಿಗುವುದು ಶೇ. 5.6. ಮೂವತ್ತು ವರ್ಷಗಳಲ್ಲಿ 1 ಲಕ್ಷ ಬೆಳೆದು 5.13 ಲಕ್ಷವಾಗುತ್ತದೆ, ಬೆಲೆಗಳು ಮಾತ್ರ 5.74 ಪಟ್ಟಾಗಿರುತ್ತವೆ. ಪಾಸ್‌ಬುಕ್ಕಿನಲ್ಲಿ ಐದು ಪಟ್ಟು ಕಂಡರೂ ಕೊಳ್ಳುವ ಶಕ್ತಿ ಮೊದಲಿನ ಶೇ. 89ಕ್ಕೆ ಇಳಿದಿರುತ್ತದೆ. ಈ ಲೆಕ್ಕವನ್ನು ಮೊದಲ ಸಲ ಮಾಡಿದಾಗ ನಂಬಿಕೆಯಾಗದೆ ಮತ್ತೊಮ್ಮೆ ಮಾಡಿ ನೋಡಿದ್ದೆ.

ಸ್ಥಿರ ಬಡ್ಡಿಯಲ್ಲಿ ದೀರ್ಘಾವಧಿ ಸಾಲ ಮಾಡಿದವರಿಗೆ ಇದೇ ಲೆಕ್ಕ ಅನುಕೂಲವಾಗುತ್ತದೆ, ಏಕೆಂದರೆ ಅವರ ಕಂತು ಬದಲಾಗದೆ ಅದರ ನಿಜವಾದ ಭಾರ ವರ್ಷ ವರ್ಷಕ್ಕೆ ಇಳಿಯುತ್ತದೆ. ಪೆಟ್ಟು ಬೀಳುವುದು ಸ್ಥಿರ ಆದಾಯವನ್ನೇ ನಂಬಿದ ವೃದ್ಧರಿಗೆ. ಅಲ್ಲದೆ ಸೂಚ್ಯಂಕ ಎಂಬುದು ಸರಾಸರಿ. ಚಿಕಿತ್ಸೆಗೆ ಹೆಚ್ಚು ಖರ್ಚು ಮಾಡುವವರ ಹಣದುಬ್ಬರ ಅದಕ್ಕಿಂತ ಬೇರೆಯೇ ಇರಬಹುದು. ಆದ್ದರಿಂದ ಜೀವನಪೂರ್ತಿ ತಿಂಗಳಿಗೆ ಇಂತಿಷ್ಟು ಕೊಡುತ್ತೇವೆ ಎಂಬ ಯಾವುದೇ ಕರಾರಿಗೆ ಸಹಿ ಹಾಕುವ ಮುನ್ನ ಆ ಮೊತ್ತ ಬೆಲೆ ಸೂಚ್ಯಂಕದೊಂದಿಗೆ ಏರುತ್ತದೆಯೇ ಎಂದು ದಯವಿಟ್ಟು ಓದಿ ನೋಡಿ. ನನ್ನ ತಂದೆಯವರ ಕರಾರುಪತ್ರದಲ್ಲಿ ಆ ಸಾಲು ಇರಲಿಲ್ಲ. ಮೊದಲ ತಿಂಗಳು ಬಂದಷ್ಟೇ ಹಣ ಇಪ್ಪತ್ತೆರಡನೆಯ ವರ್ಷವೂ ಬರುತ್ತಿತ್ತು.