ಕಣ್ಣೂರು–ದುಬೈ: ಎರಡೂವರೆ ಗಂಟೆ ಅಲ್ಲ, ನಾಲ್ಕು ಗಂಟೆ

ಅಮ್ಮ ವಿರಾಜಪೇಟೆಯಿಂದ ಹೋಗಿ ಕಣ್ಣೂರಲ್ಲಿ ದುಬೈ ವಿಮಾನ ಹತ್ತುತ್ತಾರೆ, ಟಿಕೆಟ್ ನೋಡಿದರೆ ಪ್ರಯಾಣ ಬರೀ ಎರಡೂವರೆ ಗಂಟೆ, ಇದು ನಿಜವಾ ಅಂತ ಕೇಳಿದ್ದೀರಿ. ಟಿಕೆಟ್ ಸರಿಯಾಗೇ ಇದೆ. ಹೊರಡುವ ಹೊತ್ತು ನಮ್ಮ ಗಡಿಯಾರದ್ದು, ಇಳಿಯುವ ಹೊತ್ತು ದುಬೈಯದ್ದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಲ್ವಾ? ಬೆಳಿಗ್ಗೆ 9ಕ್ಕೆ ಹೊರಟು ಅಲ್ಲಿಯ 11:30ಕ್ಕೆ ಇಳಿದರೆ, ಕಳೆದಿದ್ದು ನಾಲ್ಕು ಗಂಟೆ. ನೇರ ದೂರ ಸುಮಾರು 2,600 ಕಿ.ಮೀ. ವಾಪಸ್ ಬರುವಾಗ ಇದು ಉಲ್ಟಾ. ಹಾರಾಟ ಮೂರೂವರೆ ಗಂಟೆ ಇದ್ದರೂ ಟಿಕೆಟ್ನಲ್ಲಿ ಐದು ಗಂಟೆ ಹಿಡಿದಂತೆ ಕಾಣುತ್ತದೆ. ಚಳಿಗಾಲದಲ್ಲಿ ಮೇಲೆ ಪಶ್ಚಿಮದಿಂದ ಬೀಸುವ ಗಾಳಿ ಜೋರು, ಹಾಗಾಗಿ ಹೋಗುವಾಗ ಸ್ವಲ್ಪ ಜಾಸ್ತಿ ಹೊತ್ತು ಬೇಕು.

ಅಮ್ಮನಿಗೆ ಶುಗರ್ ಇದೆ ಅಂದಿರಿ. ಮಾತ್ರೆ, ಊಟದ ಲೆಕ್ಕ ನಾಲ್ಕು ಗಂಟೆಗೇ ಇಡಿ. ಮಾತ್ರೆ ಕೈಚೀಲದಲ್ಲೇ ಇರಲಿ.

ನಿಜವಾದ ಚಿಂತೆ ಕೊಡಗಿನಿಂದ ಕೇರಳಕ್ಕೆ ಇಳಿಯುವ ಮಾಕುಟ್ಟ ಘಾಟಿಯದ್ದು. ವಿರಾಜಪೇಟೆಯಿಂದ ಪೆರುಂಬಾಡಿ, ಕೂಟುಪುಳ, ಇರಿಟ್ಟಿ ದಾಟಿ ಮಟ್ಟನ್ನೂರಲ್ಲಿರುವ ಕಣ್ಣೂರು ಏರ್‌ಪೋರ್ಟಿಗೆ 60 ಕಿ.ಮೀ. ಆಸುಪಾಸು. ಎರಡು ಗಂಟೆ ಸಾಕು, ಆದರೆ ಮಳೆಗಾಲದಲ್ಲಿ ಮರ ಬಿದ್ದರೆ, ರಸ್ತೆ ಬದಿಯ ಗುಡ್ಡ ಕುಸಿದರೆ ಅಲ್ಲೇ ನಿಲ್ಲಬೇಕು. ಜೂನ್‌ನಿಂದ ಆಗಸ್ಟ್ ಒಳಗಾದರೆ ಹಿಂದಿನ ದಿನವೇ ಘಾಟಿ ಇಳಿಸಿ, ಇರಿಟ್ಟಿಯಲ್ಲೋ ಮಟ್ಟನ್ನೂರಲ್ಲೋ ಉಳಿಸಿಬಿಡಿ.