ಎರಡು ನಡೆಯ ಚದುರಂಗದಲ್ಲಿ ಬಿಳಿಯ ಮೇಲುಗೈ: ಪ್ರತಿಕ್ರಿಯೆ

ನಮಸ್ಕಾರ. ಚಿತ್ರದುರ್ಗದ ತಾವು ಗೆಳೆಯರೊಂದಿಗೆ ಆನ್‌ಲೈನಿನಲ್ಲಿ ಪ್ರತಿ ಸರದಿಗೆ ಎರಡು ನಡೆಗಳಿರುವ ಚದುರಂಗವನ್ನು ಆಡುತ್ತಿದ್ದು, ಬಿಳಿಕಾಯಿಯವರೇ ಸತತವಾಗಿ ಗೆಲ್ಲುತ್ತಿರುವುದನ್ನು ಸರಿಪಡಿಸುವುದು ಹೇಗೆಂದು ಕೇಳಿದ್ದೀರಿ. ಇದಕ್ಕೆ ಮಾರ್ಸೆಯ್ ಚದುರಂಗ ಎಂಬ ಹೆಸರಿದೆ. 1920ರ ದಶಕದಿಂದ ಬಳಕೆಯಲ್ಲಿರುವ ಈ ಆಟವನ್ನು ವಿಶ್ವ ಚಾಂಪಿಯನ್ ಅಲೆಖಿನ್ ಕೂಡ ಆಡಿದ್ದಾರೆ.

ಪರಿಹಾರ ಸರಳವಾಗಿದೆ. ಬಿಳಿಯವರು ಮೊದಲ ಸರದಿಯಲ್ಲಿ ಒಂದೇ ನಡೆ ಇಡಬೇಕು. ಆಗ ಒಂದು, ಎರಡು, ಎರಡು ಎಂದು ಆಟ ಸಾಗುವುದರಿಂದ ಯಾರೂ ಒಂದಕ್ಕಿಂತ ಹೆಚ್ಚು ನಡೆ ಮುಂದಿರುವುದಿಲ್ಲ.

ಇದಕ್ಕಿಂತ ಮುಖ್ಯವಾದುದು ಚೆಕ್‌ನ, ಅಂದರೆ ಎದುರಾಳಿಯ ರಾಜನ ಮೇಲಿನ ನೇರ ದಾಳಿಯ, ನಿಯಮ. ದಾವಣಗೆರೆಯಿಂದ ನಾನು ಹುಬ್ಬಳ್ಳಿಯ ಗೆಳೆಯನೊಂದಿಗೆ ಮೊದಲ ಬಾರಿ ಆಡಿದಾಗ ಇದನ್ನು ನಾವು ಬರೆದಿಟ್ಟುಕೊಂಡಿರಲಿಲ್ಲ. ಅವನ ಕುದುರೆ ಒಂದೇ ಸರದಿಯಲ್ಲಿ ಬಿ1 ಮನೆಯಿಂದ ಸಿ3ರ ಮೂಲಕ ಬಿ5ಕ್ಕೆ ಬಂತು; ನಾನು ಗಮನಿಸದೆ ಬೇರೆ ಕಾಯಿಗಳನ್ನು ನಡೆಸಿದೆ; ಮುಂದಿನ ಸರದಿಯಲ್ಲಿ ಅದು ಸಿ7ರ ಪದಾತಿಯನ್ನು ಹೊಡೆದು ಚೆಕ್ ಕೊಟ್ಟು, ಉಳಿದ ನಡೆಯಲ್ಲಿ ಎ8ರ ಆನೆಯನ್ನೂ ಕಬಳಿಸಿತು. ರಾಜನನ್ನೇ ಹೊಡೆಯಬಹುದಿತ್ತಲ್ಲವೇ ಎಂಬ ವಾದದಲ್ಲಿ ಆಟವೇ ನಿಂತುಹೋಯಿತು. ಆದ್ದರಿಂದ ಮೊದಲ ನಡೆಯಲ್ಲೇ ಚೆಕ್ ಕೊಟ್ಟವರು ಎರಡನೆಯ ನಡೆಯನ್ನು ಕಳೆದುಕೊಳ್ಳಬೇಕು. ಚೆಕ್‌ಗೆ ಸಿಲುಕಿದವರು ತಮ್ಮ ಮೊದಲ ನಡೆಯಲ್ಲೇ ಅದರಿಂದ ಪಾರಾಗಬೇಕು.

ತಿದ್ದಿದ ನಿಯಮಗಳನ್ನು ಪರೀಕ್ಷಿಸುವಾಗ ಅದೇ ಇಬ್ಬರು ಬಣ್ಣ ಬದಲಿಸಿ ಎರಡೆರಡು ಆಟ ಆಡಲಿ, ನಡೆಗಳನ್ನೂ ಬರೆದಿಡಲಿ. ಒಮ್ಮೆಗೆ ಒಂದೇ ನಿಯಮವನ್ನು ಬದಲಿಸಿರಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಫಲಿತಾಂಶ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.